ಹವಾಮಾನ ನೆರವಿನ ತೀರ್ಮಾನ ಹಳ್ಳಿಯವರ ಕೈಯಲ್ಲಿರಲಿ

ಮಾನ್ಯ ಸಂಪಾದಕರೇ,

ಹವಾಮಾನ ಸಮ್ಮೇಳನಗಳ ವರದಿಗಳು ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಚರ್ಚೆ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ನಡೆಯುತ್ತದೆ: ಶ್ರೀಮಂತ ರಾಷ್ಟ್ರಗಳು ಬಡ ರಾಷ್ಟ್ರಗಳಿಗೆ ಎಷ್ಟು ಹಣ ಕೊಡಲಿವೆ? 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆಂದು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಕೊಟ್ಟ ಮಾತು ಈಡೇರಿದ್ದು ಎರಡು ವರ್ಷ ತಡವಾಗಿ, 2022ರಲ್ಲಿ. 2024ರ ಬಾಕು ಸಮ್ಮೇಳನದಲ್ಲಿ ಆ ಗುರಿಯನ್ನು 2035ರೊಳಗೆ ವರ್ಷಕ್ಕೆ 30,000 ಕೋಟಿ ಡಾಲರ್‌ಗೆ ಏರಿಸಲಾಯಿತು. ಈ ಮೊತ್ತಗಳ ಬಗ್ಗೆ ಜಗಳವಾಡುವುದು ನ್ಯಾಯವೇ. ಆದರೆ ಮಳೆಯನ್ನೇ ನಂಬಿ ಬದುಕುವ ಗ್ರಾಮೀಣ ಜನರ ದೃಷ್ಟಿಯಿಂದ ನೋಡಿದರೆ, ಹಣ ಯಾವ ರೂಪದಲ್ಲಿ ಬರುತ್ತದೆ ಮತ್ತು ಅದನ್ನು ಎಲ್ಲಿ, ಹೇಗೆ ಖರ್ಚು ಮಾಡಬೇಕೆಂದು ಯಾರು ತೀರ್ಮಾನಿಸುತ್ತಾರೆ ಎಂಬುದು ಮೊತ್ತದಷ್ಟೇ ದೊಡ್ಡ ಪ್ರಶ್ನೆ. ಅದು ಸುದ್ದಿಯಾಗುವುದು ಅಪರೂಪ.

ಬಹುಮಟ್ಟಿಗೆ ಶ್ರೀಮಂತ ರಾಷ್ಟ್ರಗಳ ಕೂಟವಾದ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ (ಒಇಸಿಡಿ) ಲೆಕ್ಕದ ಪ್ರಕಾರ 2022ರಲ್ಲಿ ಹರಿದುಬಂದ 11,590 ಕೋಟಿ ಡಾಲರ್‌ಗಳಲ್ಲಿ ಹೊಂದಾಣಿಕೆಗೆ, ಅಂದರೆ ಬದಲಾದ ಹವಾಮಾನದೊಂದಿಗೆ ಬದುಕಲು ಬೇಕಾದ ಸಿದ್ಧತೆಗೆ, ಸಿಕ್ಕಿದ್ದು ಸುಮಾರು 3,240 ಕೋಟಿ. ಉಳಿದದ್ದರಲ್ಲಿ ಬಹುಪಾಲು ಇಂಗಾಲದ ಹೊಗೆ ತಗ್ಗಿಸುವ ಕೆಲಸಗಳಿಗೆ ಹೋಯಿತು. ಈ ಅಸಮತೋಲನದ ಕಾರಣ ಗುಟ್ಟೇನಲ್ಲ. ಸೌರ ವಿದ್ಯುತ್ ಸ್ಥಾವರ ಕಟ್ಟಿದರೆ ವಿದ್ಯುತ್ ಮಾರಿ ಸಾಲ ತೀರಿಸಬಹುದು. ಹೊಲದ ಬದು, ಕುಡಿಯುವ ನೀರಿನ ಬಾವಿ, ಪ್ರವಾಹದ ಮುನ್ನೆಚ್ಚರಿಕೆ ಇವುಗಳಿಂದ ಯಾರ ಖಾತೆಗೂ ಆದಾಯ ಜಮೆಯಾಗುವುದಿಲ್ಲ. ಹಾಗಿದ್ದೂ ಸಾರ್ವಜನಿಕ ಹವಾಮಾನ ನೆರವಿನ ಬಹುಪಾಲು ಇಂದಿಗೂ ಸಾಲವಾಗಿಯೇ ಬರುತ್ತಿದೆ. ಇಂಗಾಲವನ್ನು ಅತಿ ಕಡಿಮೆ ಉಗುಳಿದವರು ಅದರ ಪರಿಣಾಮದಿಂದ ಪಾರಾಗಲು ಸಾಲ ಮಾಡಬೇಕು, ಅದಕ್ಕೆ ಬಡ್ಡಿಯನ್ನೂ ಕಟ್ಟಬೇಕು ಎಂಬ ಏರ್ಪಾಟಿಗೆ ಸಹಕಾರ ಎಂಬ ಹೆಸರು ಒಪ್ಪುವುದಿಲ್ಲ. ತೀರಾ ಅಪಾಯದಲ್ಲಿರುವ ಬಡ ರಾಷ್ಟ್ರಗಳಿಗೆ ಹೊಂದಾಣಿಕೆಯ ವೆಚ್ಚ ಭರಿಸಲು ನೆರವಾಗುವ ಹೊಣೆಯನ್ನು ಶ್ರೀಮಂತ ರಾಷ್ಟ್ರಗಳು 1992ರ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದಲ್ಲಿಯೇ ಒಪ್ಪಿಕೊಂಡಿವೆ ಎಂಬುದನ್ನು ನೆನಪಿಸಬೇಕಾಗಿದೆ.

ತೀರ್ಮಾನ ಹಳ್ಳಿಯಿಂದ ದೂರವಾದಾಗ ಏನಾಗುತ್ತದೆ ಎಂಬುದಕ್ಕೆ ಬಾಂಗ್ಲಾದೇಶದ ನೈಋತ್ಯ ಕರಾವಳಿಯ ಅನುಭವವನ್ನು ಗಮನಿಸಬೇಕು. 1960ರ ದಶಕದಲ್ಲಿ, ಹವಾಮಾನ ಬದಲಾವಣೆಯ ಮಾತು ಇನ್ನೂ ಕೇಳಿಬರದಿದ್ದ ಕಾಲದಲ್ಲಿ, ವಿದೇಶಿ ನೆರವಿನಿಂದ ಅಲ್ಲಿ ನದಿಗಳ ದಡದುದ್ದಕ್ಕೂ ಮಣ್ಣಿನ ಏರಿಗಳನ್ನು ಕಟ್ಟಲಾಯಿತು. ಉಪ್ಪುನೀರು ಗದ್ದೆಗೆ ನುಗ್ಗದಂತೆ ತಡೆದು ಭತ್ತದ ಬೆಳೆ ಹೆಚ್ಚಿಸುವುದು ಉದ್ದೇಶವಾಗಿತ್ತು. ಮೊದಲ ಕೆಲವು ವರ್ಷ ಅದು ಈಡೇರಿತು ಕೂಡ. ಆದರೆ ಉಬ್ಬರದ ನೀರು ತಗ್ಗು ಬಯಲಿಗೆ ಹರಡಿ ಅಲ್ಲಿ ಇಳಿಸಿಹೋಗುತ್ತಿದ್ದ ಹೂಳು, ಏರಿಗಳಿಂದಾಗಿ ನದಿಯ ಪಾತ್ರದಲ್ಲಿಯೇ ಉಳಿಯತೊಡಗಿತು. ನದಿಯ ತಳ ಮೇಲೇರಿತು, ಒಳಗಿನ ಭೂಮಿ ತಗ್ಗಿನಲ್ಲಿಯೇ ಉಳಿಯಿತು, ಮಳೆಯ ನೀರು ಹೊರಹೋಗಲು ದಾರಿಯಿಲ್ಲದೆ 1980ರ ದಶಕದಲ್ಲಿ ಖುಲ್ನಾ ಮತ್ತು ಜಶೋರ್ ಭಾಗದ ಗದ್ದೆಗಳು ತಿಂಗಳುಗಟ್ಟಲೆ ಜಲಾವೃತವಾದವು. ಕೊನೆಗೆ 1990ರಲ್ಲಿ ಬೀಲ್ ಡಾಕಾತಿಯಾದಲ್ಲಿ, 1997ರಲ್ಲಿ ಬೀಲ್ ಭಾಯ್ನಾದಲ್ಲಿ ಜನರೇ ಏರಿಯನ್ನು ಕಡಿದು ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡರು. ಬೀಲ್ ಭಾಯ್ನಾದಲ್ಲಿ ಹೂಳು ತುಂಬಿ ನೆಲ ಎತ್ತರವಾಯಿತು, ನದಿ ಆಳವಾಯಿತು. ಸರ್ಕಾರಿ ಎಂಜಿನಿಯರುಗಳು ಮುಂದೆ ಇದನ್ನೇ ಉಬ್ಬರ ನದಿ ನಿರ್ವಹಣೆ ಎಂಬ ಅಧಿಕೃತ ಪದ್ಧತಿಯಾಗಿ ಸ್ವೀಕರಿಸಿದರು. ಹೂಳು ತುಂಬುವಷ್ಟು ವರ್ಷ ಬೆಳೆ ಕಳೆದುಕೊಳ್ಳುವ ರೈತರಿಗೆ ಪರಿಹಾರ ಕೊಡುವ ವಿಷಯದಲ್ಲಿ ಆ ಪದ್ಧತಿ ಪದೇ ಪದೇ ಎಡವಿದೆ ಎಂಬುದನ್ನೂ ಹೇಳಲೇಬೇಕು. ಸ್ಥಳೀಯ ಜ್ಞಾನ ಎಂದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಆದರೂ ನೀರಿನ ನಡೆ ಬಲ್ಲವರನ್ನು ಮೊದಲೇ ಕೇಳಿದ್ದರೆ ಅಷ್ಟು ವರ್ಷಗಳ ಸಂಕಟದಲ್ಲಿ ಒಂದು ಪಾಲಾದರೂ ತಪ್ಪುತ್ತಿತ್ತು. ಈಗ ಸಮುದ್ರಮಟ್ಟ ಏರಿಕೆಯ ಹೆಸರಿನಲ್ಲಿ ಜಗತ್ತಿನ ಅನೇಕ ಕರಾವಳಿಗಳಲ್ಲಿ ಹೊಸ ಏರಿಗಳಿಗೆ ಹಣ ಮಂಜೂರಾಗುತ್ತಿರುವಾಗ ಈ ಅನುಭವವನ್ನು ಮರೆಯಬಾರದು.

ಇದಕ್ಕೆ ಬೇರೆ ದಾರಿಯಿದೆ. ಕೀನ್ಯಾದ ಬರಪೀಡಿತ ಇಸಿಯೊಲೊ ಕೌಂಟಿಯಲ್ಲಿ ಆರಂಭವಾಗಿ ಇತರ ಕೌಂಟಿಗಳಿಗೂ ಹಬ್ಬಿದ ಹವಾಮಾನ ನಿಧಿಯ ವ್ಯವಸ್ಥೆಯಲ್ಲಿ ಯಾವ ಕೆಲಸಕ್ಕೆ ಹಣ ಬೇಕೆಂಬುದನ್ನು ಜನರೇ ಆರಿಸಿದ ವಾರ್ಡ್ ಸಮಿತಿಗಳು ಸೂಚಿಸುತ್ತವೆ. ನಿಧಿಯ ಸಿಂಹಪಾಲನ್ನು ಆ ಮಟ್ಟದ ಕೆಲಸಗಳಿಗೇ ಮೀಸಲಿಡಲಾಗುತ್ತದೆ. ವಿದೇಶಿ ನೆರವು ಸರ್ಕಾರದ ಸ್ವಂತ ಬಜೆಟ್ಟಿನ ಪಾಲಿನೊಂದಿಗೆ ಸೇರಿಕೊಳ್ಳುವುದರಿಂದ ದಾನಿ ಹೊರಟುಹೋದರೂ ವ್ಯವಸ್ಥೆ ಉಳಿಯುವ ಸಾಧ್ಯತೆಯಿದೆ. ಜನ ಅಲ್ಲಿ ಹೆಚ್ಚಾಗಿ ಕೇಳಿದ್ದು ನೀರಿನ ಕೆಲಸಗಳನ್ನು. ನೈಜರ್ ದೇಶದಲ್ಲಂತೂ ಖರ್ಚು ಇನ್ನೂ ಕಡಿಮೆ: ಮರಗಳೆಲ್ಲ ಸರ್ಕಾರದವು ಎಂಬ ಹಳೆಯ ಕಟ್ಟುಪಾಡು ಸಡಿಲವಾಗಿ, ಹೊಲದಲ್ಲಿ ತಾನೇ ಚಿಗುರುವ ಗಿಡ ತಮ್ಮದೆಂಬ ಭರವಸೆ ರೈತರಿಗೆ ಬಂದಮೇಲೆ, 1980ರ ದಶಕದಿಂದೀಚೆಗೆ ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಮರಗಳು ಮರಳಿ ಬೆಳೆದಿವೆ. ಅಲ್ಲಿ ನೆಡುವುದಕ್ಕಿಂತ ಹಕ್ಕು ಕೊಡುವುದು ಮುಖ್ಯವಾಯಿತು.

ಹೀಗಿರುವಾಗ ತೊಡಕು ಎಲ್ಲಿದೆ? ಬಡ ರಾಷ್ಟ್ರಗಳಿಗೆ ಹವಾಮಾನ ನೆರವು ಹಂಚುವ ಅಂತರರಾಷ್ಟ್ರೀಯ ಹಸಿರು ಹವಾಮಾನ ನಿಧಿಯಂತಹ ಸಂಸ್ಥೆಯಿಂದ ನೇರವಾಗಿ ಹಣ ಪಡೆಯಬೇಕಾದರೆ ಲೆಕ್ಕಪರಿಶೋಧನೆ, ಖರೀದಿ ನಿಯಮ, ಪರಿಸರ ಸುರಕ್ಷತೆ ಮುಂತಾದ ಹತ್ತಾರು ಮಾನದಂಡಗಳಲ್ಲಿ ತೇರ್ಗಡೆಯಾಗಿ ಮಾನ್ಯತೆ ಗಳಿಸಬೇಕು. ಅದು ವರ್ಷಗಟ್ಟಲೆ ಹಿಡಿಯಬಲ್ಲ ಕೆಲಸ, ಸಣ್ಣ ಸಂಘಗಳಿಗೆ ದುಸ್ಸಾಧ್ಯ. ಆದ್ದರಿಂದ ಹಣ ದೊಡ್ಡ ಅಂತರರಾಷ್ಟ್ರೀಯ ಸಂಸ್ಥೆಗಳ ಮೂಲಕ ಇಳಿಯುತ್ತದೆ, ಪ್ರತಿ ಮೆಟ್ಟಿಲಿನಲ್ಲಿಯೂ ಆಡಳಿತ ವೆಚ್ಚ ಕಳೆಯುತ್ತದೆ. ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಡವೆಂದು ಯಾರೂ ಹೇಳಲಾರರು. ಆದರೆ ಒಂದು ಹಳ್ಳಿಯ ಕೆರೆ ದುರಸ್ತಿಗೂ ಒಂದು ಅಣೆಕಟ್ಟಿಗೂ ಒಂದೇ ತೂಕದ ಕಡತ ಕೇಳುವುದು ಎಚ್ಚರಿಕೆಯ ಲಕ್ಷಣವಲ್ಲ, ಸೋಮಾರಿತನದ ಲಕ್ಷಣ ಎಂದು ನನಗನ್ನಿಸುತ್ತದೆ.

ಅವಧಿಯ ವಿಷಯವನ್ನೂ ಹೇಳಬೇಕು. ಮೂರು ಅಥವಾ ಐದು ವರ್ಷದ ಯೋಜನೆಯಲ್ಲಿ ಪಂಪು ಕೂರಿಸಲು ಹಣವಿರುತ್ತದೆ, ಆರನೆಯ ವರ್ಷ ಅದರ ದುರಸ್ತಿಗೆ ಇರುವುದಿಲ್ಲ. ಬಾಂಗ್ಲಾದೇಶದ್ದೇ ಚಂಡಮಾರುತ ಸನ್ನದ್ಧತಾ ಕಾರ್ಯಕ್ರಮ ಇದಕ್ಕೆ ಅಪವಾದ. 1970ರ ಚಂಡಮಾರುತದಲ್ಲಿ ಕನಿಷ್ಠ ಮೂರು ಲಕ್ಷ ಜನ ಸತ್ತ ನಂತರ ರೆಡ್‌ಕ್ರಾಸ್ ನೆರವಿನಿಂದ ಶುರುವಾದ ಆ ಕಾರ್ಯಕ್ರಮಕ್ಕೆ ಸರ್ಕಾರವೂ ಹೆಗಲು ಕೊಟ್ಟಿತು. ಹಳ್ಳಿಗಳ ಸ್ವಯಂಸೇವಕರು ಮನೆಮನೆಗೆ ಎಚ್ಚರಿಕೆ ಮುಟ್ಟಿಸುವ ಆ ಪದ್ಧತಿ 50 ವರ್ಷ ದಾಟಿ ನಡೆಯುತ್ತಿದೆ. ಚಂಡಮಾರುತಗಳಿಂದ ಅಲ್ಲಿ ಸಾಯುವವರ ಸಂಖ್ಯೆ ಅಂದಿಗೆ ಹೋಲಿಸಲಾಗದಷ್ಟು ಇಳಿದಿದೆ.

2021ರಲ್ಲಿ ಸ್ಥಳೀಯ ನೇತೃತ್ವದ ಹೊಂದಾಣಿಕೆಗೆ ಎಂಟು ತತ್ವಗಳನ್ನು ರೂಪಿಸಲಾಯಿತು. ಅನೇಕ ಸರ್ಕಾರಗಳು, ಸಂಸ್ಥೆಗಳು ಅವುಗಳನ್ನು ಅನುಮೋದಿಸಿವೆ. ತೀರ್ಮಾನವನ್ನು ಆದಷ್ಟು ಕೆಳಮಟ್ಟಕ್ಕೆ ಒಯ್ಯಬೇಕು, ಹಣ ದೀರ್ಘಕಾಲ ಮತ್ತು ನಂಬಬಹುದಾದ ರೀತಿಯಲ್ಲಿ ಸಿಗಬೇಕು ಎಂಬುದು ಅವುಗಳಲ್ಲಿಯೇ ಇದೆ. ಸಹಿ ಹಾಕಿದವರು ಅದನ್ನು ಎಷ್ಟರಮಟ್ಟಿಗೆ ಪಾಲಿಸಿದ್ದಾರೆಂದು ಪರಿಶೀಲಿಸಲು ಸಾರ್ವಜನಿಕರಿಗೆ ಈಗ ಸುಲಭವಾದ ದಾರಿಯಿಲ್ಲ, ಏಕೆಂದರೆ ದಾನಿ ರಾಷ್ಟ್ರಗಳ ವರದಿಗಳು ಹಣ ಯಾವ ದೇಶಕ್ಕೆ ಹೋಯಿತೆಂದು ತಿಳಿಸಿ ನಿಲ್ಲುವುದೇ ಹೆಚ್ಚು. ಆದ್ದರಿಂದ ಮುಂದಿನ ಸಮ್ಮೇಳನವನ್ನು ವರದಿ ಮಾಡುವಾಗ ತಮ್ಮ ಪತ್ರಿಕೆಯು ಒಟ್ಟು ಮೊತ್ತದ ಜೊತೆಗೆ, ಹೊಂದಾಣಿಕೆಯ ಹಣದಲ್ಲಿ ಅನುದಾನ ಎಷ್ಟು, ಸ್ಥಳೀಯ ಸಂಸ್ಥೆಗಳ ಕೈಗೆ ತಲುಪಿದ್ದು ಎಷ್ಟು ಎಂಬ ಎರಡು ಪ್ರಶ್ನೆಗಳನ್ನು ಪ್ರತಿನಿಧಿಗಳ ಮುಂದಿಟ್ಟು, ಉತ್ತರ ಸಿಗದಿದ್ದರೆ ಆ ಸಂಗತಿಯನ್ನೂ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಓದುಗ