ಬಳ್ಳಾರಿ ಕೋಟೆ: ಮಧ್ಯಾಹ್ನ ಹತ್ತಬೇಡಿ, ಸಿಮೆಂಟು ಮೆತ್ತಬೇಡಿ

ಮಾನ್ಯರೇ,

ಹಂಪಿ ನೋಡಿ ಹೊರಟವರು ಬಳ್ಳಾರಿ ಕೋಟೆಗೂ ಒಂದು ತಾಸು ಕೊಟ್ಟರಾಯಿತೆಂದು ನಡುಮಧ್ಯಾಹ್ನ ಬಂದಿಳಿಯುತ್ತಾರೆ. ಅರ್ಧ ಹತ್ತಿ, ಏದುಸಿರು ಬಿಟ್ಟು, ‘ಬರೀ ಕಲ್ಲುಗುಂಡು’ ಎಂದು ತಿರುಗಿ ಹೋಗುತ್ತಾರೆ. ವೇಳೆ ನೋಡದೆ ಬಂದರೆ ಆಗುವುದೇ ಹಾಗೆ.

ಗುಡ್ಡವೆಲ್ಲ ಗ್ರಾನೈಟ್ ಬಂಡೆ. ಹೊತ್ತೇರುತ್ತಲೇ ಕಾಯತೊಡಗಿ, ಬಿಸಿಲು ಇಳಿದ ಮೇಲೂ ಬಹಳ ಹೊತ್ತು ಕಾವು ಬಿಡುತ್ತಿರುತ್ತದೆ. ಹಾಗಾಗಿ ಸಂಜೆ ತಂಪಿನಲ್ಲಿ ಹತ್ತುವ ಲೆಕ್ಕಾಚಾರವೂ ಬಳ್ಳಾರಿಯ ಬೇಸಿಗೆಯಲ್ಲಿ ಕೈಕೊಡುತ್ತದೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹತ್ತಬೇಕು. ತಲೆಗೊಂದು ಲೀಟರ್ ನೀರು, ಕಾಲಿಗೆ ಹಿಡಿತವಿರುವ ಬೂಟು ಬೇಕು. ಸವೆದು ನುಣುಪಾದ ಬಂಡೆಯಲ್ಲಿ ಹತ್ತುವಾಗಿನದಕ್ಕಿಂತ ಇಳಿಯುವಾಗಲೇ ಜಾರುವುದು ಹೆಚ್ಚು. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ.

ಮೇಲಿನಿಂದ ಕೆಳಕ್ಕೆ ನೋಡುತ್ತಾ ಬಂದರೆ ಊರಿನ ಚರಿತ್ರೆ ಸರಿಯಾದ ಸಾಲಿನಲ್ಲೇ ಸಿಗುತ್ತದೆ. ತುದಿಯದು ವಿಜಯನಗರದ ಸಾಮಂತ ಹನುಮಪ್ಪ ನಾಯಕ ಕಟ್ಟಿಸಿದ ಮೇಲುಕೋಟೆ. ಜಾಗ ಕಿರಿದು, ದಾರಿ ಒಂದೇ, ನೀರಿಗೆ ಬಂಡೆ ಸಂದಿಗಳ ಹೊಂಡಗಳೇ ಗತಿ. ದೊಡ್ಡ ದಂಡು ನಿಲ್ಲುವ ಸ್ಥಳವಲ್ಲ. ಹೈದರಾಲಿ ಬುಡದಲ್ಲಿ ಕೆಳಕೋಟೆ ಸುತ್ತಿಸಿದ್ದೇಕೆ ಎಂಬುದು ಅಲ್ಲಿ ನಿಂತಾಗ ತಾನಾಗಿ ಹೊಳೆಯುತ್ತದೆ. ಎದುರಿಗಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರವೆಂದು ತಡವಾಗಿ ತಿಳಿದು ಕೆಳಕೋಟೆ ಕಟ್ಟಿದ ಫ್ರೆಂಚ್ ಇಂಜಿನಿಯರನನ್ನು ಹೈದರಾಲಿ ಗಲ್ಲಿಗೇರಿಸಿದನೆಂಬ ಕಥೆಯೊಂದಿದೆ. ಕಥೆ ಸ್ವಾರಸ್ಯವಾಗಿದೆ, ಹೇಳಲಿ. ಆದರೆ ಗೈಡ್‌ಗಳು ಅದನ್ನು ಕಥೆಯೆಂದೇ ಹೇಳಲಿ.

ಕೆಳಗಿಳಿದವರು ನೇರ ಬಸ್ಸಿಗೆ ಹೋಗದೆ ಈಸ್ಟ್ ಇಂಡಿಯಾ ಕಂಪನಿ ಕಾಲದ ಊರನ್ನೂ ನೋಡಬೇಕು. 1800ರಲ್ಲಿ ನಿಜಾಮನಿಂದ ಈ ಸೀಮೆ ಕಂಪನಿಗೆ ಬಂತು. ಥಾಮಸ್ ಮನ್ರೋ 1807ರವರೆಗೆ ಇಲ್ಲಿನ ಪ್ರಧಾನ ಕಲೆಕ್ಟರ್. ಆಮೇಲೆ ಬೆಳೆದದ್ದು ದಂಡಿನ ಊರು. ಕಂಟೋನ್ಮೆಂಟ್, ಕೌಲ್‌ಬಜಾರ್, ಬ್ರೂಸ್‌ಪೇಟೆ ಎಂಬ ಹೆಸರುಗಳೇ ಅದನ್ನು ಹೇಳುತ್ತವೆ. ಕೌಲು ಎಂದರೆ ಕರಾರಿನ ಅಭಯಪತ್ರ. ಬ್ರೂಸ್ ಒಬ್ಬ ಅಧಿಕಾರಿ. ಇಷ್ಟನ್ನು ಬರೆದ ಒಂದೊಂದು ಫಲಕ ಆಯಾ ಬೀದಿಯ ಬಾಯಲ್ಲಿದ್ದರೆ ಗೈಡ್ ಇಲ್ಲದವರೂ ದಾರಿ ಕಂಡುಕೊಳ್ಳುತ್ತಾರೆ.

ಫಲಕಕ್ಕಿಂತ ತುರ್ತಿನ ಮಾತೊಂದಿದೆ. ಹಳೆಯ ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತುವುದು ಎಲ್ಲ ಕಡೆಯೂ ರೂಢಿಯಾಗಿದೆ. ಹೊರಗೆ ಕಲ್ಲು, ಒಳಗೆ ಮಣ್ಣು-ಜಲ್ಲಿ ತುಂಬಿದ ಗೋಡೆ ಮಳೆನೀರನ್ನು ಸಂದಿಗಳಿಂದಲೇ ಹೊರಹಾಕಬೇಕು. ಸಂದಿಗೆ ಸಿಮೆಂಟು ಬಿದ್ದರೆ ನೀರು ಒಳಗೇ ನಿಂತು, ಹೂರಣ ಭಾರವಾಗಿ, ಗೋಡೆಗೆ ಹೊಟ್ಟೆ ಬರುತ್ತದೆ. ಒಂದು ಜೋರು ಮಳೆಗೆ ಆ ಭಾಗ ಪೂರಾ ಕುಸಿಯುತ್ತದೆ. ಸುಣ್ಣದ ಗಾರೆ ಮೆದು, ತೇವ ಹೊರಬಿಡುತ್ತದೆ. ಗಟ್ಟಿಯಾಗಲು ವಾರಗಟ್ಟಲೆ ಬೇಕು, ಅಷ್ಟು ದಿನ ಗೋಣಿತಟ್ಟು ಹೊದಿಸಿ ನೀರು ಚಿಮುಕಿಸುತ್ತಿರಬೇಕು. ಗುತ್ತಿಗೆದಾರರಿಗೆ ಬೇಸರ ಇದೇ. ಇನ್ನು ಸಂದಿಯಲ್ಲಿ ಹುಟ್ಟಿದ ಅರಳಿ ಸಸಿಯನ್ನು ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಬಲಿತ ಬೇರು ಎಳೆದರೆ ಕಲ್ಲೂ ಜೊತೆಗೆ ಬರುತ್ತದೆ. ಬೆರಳು ದಪ್ಪ ಆಗುವ ಮೊದಲೇ, ಪ್ರತಿ ಮಳೆಗಾಲ ಮುಗಿದ ಕೂಡಲೇ ಬೇರು ಸಮೇತ ತೆಗೆಸಬೇಕು. ಈ ಸಲದ ದುರಸ್ತಿ ಟೆಂಡರಿನಲ್ಲಿ ಸುಣ್ಣದ ಗಾರೆ ಮತ್ತು ಸಸಿ ತೆಗೆಯುವ ಕೆಲಸ, ಎರಡನ್ನೂ ಬೇರೆ ಬೇರೆ ಬಾಬ್ತಾಗಿ ನಮೂದಿಸಲಿ.

– ಕೆಲವು ಓದುಗರು, ಬಳ್ಳಾರಿ