ಪಾರ್ಕಿನಲ್ಲಿ ಗುಂಡಿ ತೋಡುವವರು

ಸಂಪಾದಕರೇ,

ಹೋದ ತಿಂಗಳು ನಮ್ಮ ಬಡಾವಣೆಯ ಪಾರ್ಕಿನಲ್ಲಿ ಮೊಮ್ಮಗಳ ಓಲೆ ಬಿದ್ದುಹೋಯಿತು. ಎರಡು ದಿನ ಹುಲ್ಲು ಕೆದಕಿದರೂ ಸಿಗಲಿಲ್ಲ. ಪಕ್ಕದ ಬೀದಿಯ ಹುಡುಗ ಮೆಟಲ್ ಡಿಟೆಕ್ಟರ್ ತಂದ. ಸೋಡಾ ಮುಚ್ಚಳ, ತುಕ್ಕು ಹಿಡಿದ ಮೊಳೆ, ಸವೆದ ನಾಲ್ಕಾಣೆ ಎಲ್ಲ ಆದಮೇಲೆ ಕಲ್ಲುಬೆಂಚಿನ ಬುಡದಲ್ಲಿ ಓಲೆ ಸಿಕ್ಕಿತು. ತಿರುಪು ಮಾತ್ರ ಇನ್ನೂ ಇಲ್ಲ!

ಆ ನಾಲ್ಕಾಣೆ ನೋಡಿದ್ದೇ ತಪ್ಪಾಯಿತು. ಈಗ ಹಳೇ ನಾಣ್ಯ ಸಿಗುತ್ತದೆ ಅಂತ ಯಾರ್‍ಯಾರೋ ಬಂದು ಅಗೆಯುತ್ತಾರೆ, ಗುಂಡಿ ಮುಚ್ಚುವುದಿಲ್ಲ. ಬೆಳಗಿನ ವಾಕಿಂಗಿಗೆ ಬರುವ ನಮ್ಮಂಥ ಮುದುಕರ ಕಾಲು ಉಳಿಯಬೇಕಲ್ವಾ? ನಿಜವಾಗಿ ನಿಧಿ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಅದಕ್ಕೆ 1962ರಿಂದಲೇ ನಮ್ಮ ರಾಜ್ಯದಲ್ಲಿ ಕಾಯ್ದೆಯಿದೆ. ಇಷ್ಟನ್ನು ಬರೆದು ಗೇಟಿನಲ್ಲಿ ಒಂದು ಫಲಕ ಹಾಕಿಸಲಿ.

– ಓದುಗ, ಮೈಸೂರು