ಮಲ್ಚ್ ಹೊಸದು ಮಾಡಿ ಅಂದರೆ ಗುಡ್ಡ ಕಟ್ಟಿ ಹೋದಿರಿ

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಕೈತೋಟಕ್ಕೆ ತಪ್ಪಾಗಿ ಮಲ್ಚ್ ಹಾಕಿರುವುದು, ಅದರಿಂದ ಗಿಡಗಳಿಗೆ ಆದ ಹಾನಿ ಮತ್ತು ಬೇಡದ ಚೀಲಗಳಿಗೆ ಮಾಡಿದ ಬಿಲ್ಲು

ಮಾನ್ಯರೇ,

ಏಳು ವಾರದ ಹಿಂದೆ ನಿಮ್ಮ ಕಡೆಯಿಂದ ಮೂವರು ಬಂದು ನಮ್ಮ ಕೈತೋಟಕ್ಕೆ ಮಲ್ಚ್, ಅಂದರೆ ಮಣ್ಣಿನ ಮೇಲೆ ಹರಡುವ ಮರದ ಚಕ್ಕೆಯ ಹೊದಿಕೆ, ಹಾಕಿ ಹೋದರು. ಹೇಳಿದ ಹೊತ್ತಿಗೆ ಬಂದರು, ಕೆಲಸ ಮುಗಿಸಿ ಓಡಾಡುವ ದಾರಿಯನ್ನೆಲ್ಲ ಗುಡಿಸಿಯೂ ಹೋದರು. ಅವರ ಮೇಲೆ ನನಗೆ ಕೋಪವಿಲ್ಲ. ಸಂಜೆ ನಾನು ಮನೆಗೆ ಬಂದಾಗ ತೋಟ ನಿಮ್ಮ ಜಾಹೀರಾತಿನ ಫೋಟೋ ಇದ್ದ ಹಾಗೇ ಇತ್ತು. ಕಪ್ಪಗೆ, ಸಮವಾಗಿ, ಎಲ್ಲೂ ಒಂದು ಒಣ ಎಲೆ ಇಲ್ಲ. ಖುಷಿಯಿಂದಲೇ ಸಹಿ ಹಾಕಿದೆ. ಅಡಿಯಲ್ಲಿ ಏನಿದೆ ಅಂತ ಕೆದಕಿ ನೋಡಲಿಲ್ಲ. ಅದು ನನ್ನ ತಪ್ಪು. ಉಳಿದದ್ದು ನಿಮ್ಮದು.

ನಾನು ಕೇಳಿದ್ದೇನು ಅಂತ ಮೊದಲು ನೆನಪು ಮಾಡುತ್ತೇನೆ. ಎರಡು ವರ್ಷದ ಹಿಂದೆ ಹಾಕಿದ್ದ ಮರದ ಚಕ್ಕೆಯ ಮಲ್ಚ್ ಬಣ್ಣ ಹೋಗಿ ಬೂದು ಬಣ್ಣಕ್ಕೆ ತಿರುಗಿತ್ತು, ಮೇಲ್ಭಾಗ ಗಟ್ಟಿಯಾಗಿ ನೀರು ಸರಿಯಾಗಿ ಇಳಿಯುತ್ತಿರಲಿಲ್ಲ. ನೋಡೋಕೂ ಚೆನ್ನಾಗಿರಬೇಕು, ನೀರೂ ಉಳಿಯಬೇಕು, ಹಾಗೆ ಸರಿ ಮಾಡಿಕೊಡಿ ಅಂದಿದ್ದೆ. ನಿಮ್ಮವರು ಫೋನಿನಲ್ಲಿ 'ಅದೇ ನಮ್ಮ ಕೆಲಸ' ಅಂದರು. ಆದರೆ ಅವರಿಗೆ ಕೇಳಿಸಿದ್ದು 'ಬಣ್ಣ' ಅನ್ನೋ ಒಂದೇ ಪದ ಅಂತ ಕಾಣುತ್ತದೆ.

ಮೊದಲು ಲೆಕ್ಕ. ನಮ್ಮ ಪಾತಿಗಳೆಲ್ಲ ಸೇರಿ 400 ಚದರ ಅಡಿ. ಹಳೆಯ ಮಲ್ಚ್ ಸರಾಸರಿ 2 ಇಂಚು ಉಳಿದಿತ್ತು. ನಿಮ್ಮವರು ಬರುವ ಹಿಂದಿನ ದಿನ ನಾನೇ ಐದಾರು ಕಡೆ ಸ್ಕೇಲ್ ಇಳಿಸಿ ನೋಡಿದ್ದೆ. ಚಕ್ಕೆಯ ಮಲ್ಚ್ 3 ಇಂಚು ಇದ್ದರೆ ಧಾರಾಳವಾಯಿತು, ತೀರಾ ದಪ್ಪ ಚಕ್ಕೆಯಾದರೆ 4 ಇಂಚು. ಅಂದರೆ ನನಗೆ ಬೇಕಿದ್ದದ್ದು ಇನ್ನೊಂದು ಇಂಚು ಮಾತ್ರ. 400 ಚದರ ಅಡಿಗೆ 1 ಇಂಚು ಅಂದರೆ ಸುಮಾರು 33 ಘನ ಅಡಿ. ನಿಮ್ಮ ಚೀಲದಲ್ಲಿ 2 ಘನ ಅಡಿ ಇರುತ್ತದೆ. 17 ಚೀಲ ಸಾಕಿತ್ತು. ನೀವು ತಂದು ಸುರಿದದ್ದು 50 ಚೀಲ, ಬಿಲ್ಲಿನಲ್ಲೂ 50 ಅಂತಲೇ ಇದೆ. ಇದ್ದ 2 ಇಂಚಿನ ಮೇಲೆ 3 ಇಂಚು ಕೂತಿತು. ಈಗ ತೋರುಬೆರಳು ಬುಡದವರೆಗೆ ಇಳಿಸಿದರೂ ಮಣ್ಣು ಸಿಗುವುದಿಲ್ಲ.

ದಪ್ಪ ಹಾಕಿದರೆ ನೀರು ಜಾಸ್ತಿ ಉಳಿಯುತ್ತದೆ ಅಲ್ವಾ ಅಂತ ನಿಮ್ಮ ಮೇಲ್ವಿಚಾರಕರು ಕೇಳಿದರು. ಇಲ್ಲ ಸ್ವಾಮಿ. ತುಂತುರು ಮಳೆ ಬಂದರೆ ಅಷ್ಟನ್ನೂ ಮೇಲಿನ ಚಕ್ಕೆಯೇ ಕುಡಿದು, ಮಾರನೇ ದಿನದ ಬಿಸಿಲಿಗೆ ಆವಿ ಮಾಡಿಬಿಡುತ್ತದೆ. ಬೇರಿಗೆ ಹನಿಯೂ ಸಿಗುವುದಿಲ್ಲ. ಜೋರು ಮಳೆ ಬಂದರೆ ಇನ್ನೊಂದು ತೊಂದರೆ, ಅಡಿಯ ಮಣ್ಣಿಗೆ ಗಾಳಿ ಆಡದೆ ಬೇರು ಉಸಿರು ಕಟ್ಟುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಅಂದರೆ, ಒಂದು ಪಾತಿ ಬಿಟ್ಟರೆ ಬೇರೆಲ್ಲೂ ಹಳೆಯ ಪದರವನ್ನು ನಿಮ್ಮವರು ಮುಟ್ಟಲೇ ಇಲ್ಲ. ಹೋದ ವಾರ ಒಂದು ಮೂಲೆಯಲ್ಲಿ ಹೊಸ ಮಲ್ಚನ್ನು ಕೈಯಿಂದ ಸರಿಸಿದೆ. ಕೆಳಗೆ ಹಳೆಯದು ಬಿಳಿ ನೂಲಿನಂಥ ಬೂಷ್ಟು ಹೆಣೆದುಕೊಂಡು ಚಾಪೆಯ ಹಾಗೆ ಆಗಿತ್ತು. ಅಂಚು ಹಿಡಿದು ಎತ್ತಿದರೆ ಒಂದು ಗೇಣು ಅಗಲದ ತುಂಡು ಹಾಗೇ ಎದ್ದು ಬಂತು. ಉಳಿದ ಚಾಪೆಯ ಮೇಲೆ ಒಂದು ಮಗ್ ನೀರು ಹೊಯ್ದು ನೋಡಿದೆ. ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ನೀರು ಗುಂಡಗುಂಡಗೆ ನಿಂತಿತು, ಆಮೇಲೆ ಇಳಿಜಾರು ನೋಡಿಕೊಂಡು ಕಲ್ಲಿನ ದಾರಿಗೆ ಹರಿದು ಹೋಯಿತು. ಎದ್ದು ಬಂದ ತುಂಡಿನ ಅಡಿಯ ಮಣ್ಣು ಪುಡಿಪುಡಿ, ಒಣ. ಸಾಲದ್ದಕ್ಕೆ ಹಿಂದಿನ ರಾತ್ರಿಯೇ 40 ನಿಮಿಷ ಡ್ರಿಪ್ ಬಿಟ್ಟಿದ್ದೆ!

ನಾನು ದುಡ್ಡು ಕೊಟ್ಟದ್ದು ಈ ಚಾಪೆ ಒಡೆಯಿರಿ ಅಂತ. ಮಲ್ಚ್ ಹೊಸದು ಮಾಡುವುದರಲ್ಲಿ ಮುಕ್ಕಾಲು ಕೆಲಸ ಅದೇ. ರೇಕ್ (ಹಲ್ಲಿರುವ ಕುಂಟೆ) ಹಿಡಿದು ಹಳೆಯದನ್ನು ಸಡಿಲ ಮಾಡಿ, ಅಡಿಮೇಲು ಮಾಡಿದರೆ ನೀರು ಇಳಿಯುತ್ತದೆ, ಒಳಗಿನ ಕಂದು ಬಣ್ಣವೂ ಮೇಲೆ ಬರುತ್ತದೆ. ಎಷ್ಟೋ ಸಲ ಹೊಸ ಚೀಲವೇ ಬೇಕಾಗುವುದಿಲ್ಲ. ರೇಕ್ ಎಳೆದರೆ ಚೀಲ ಖರ್ಚಾಗುವುದಿಲ್ಲ, ಅದು ನನಗೂ ಗೊತ್ತು.

ಈಗ ಡ್ರಿಪ್ ವಿಷಯ. ನಮ್ಮ ಪೈಪು ಮಣ್ಣಿಗೆ ತಾಗಿ, ಮಲ್ಚಿನ ಅಡಿಯಲ್ಲಿತ್ತು. ಅಲ್ಲೇ ಇರಬೇಕು. ನಿಮ್ಮವರು ಕಾಲಿಗೆ ತೊಡರುತ್ತದೆ ಅಂತ ಎರಡು ಪಾತಿಗಳಲ್ಲಿ ಪೈಪನ್ನು ಎಳೆದು ಹಳೆಯ ಮಲ್ಚಿನ ಮೇಲೆ ಇಟ್ಟು, ಅದರ ಮೇಲೆ ಹೊಸದು ಸುರಿದಿದ್ದಾರೆ. ಈಗ ಡ್ರಿಪ್ಪರಿನ ನೀರು ಬೀಳುವುದು ಅದೇ ಚಾಪೆಯ ಮೇಲೆ. ಗಿಡ ಬಾಡುತ್ತಿದೆ ಅಂತ ಫೋನ್ ಮಾಡಿದರೆ ನಿಮ್ಮ ಕಚೇರಿಯಿಂದ ಬಂದ ಉತ್ತರ, 'ನೀರು ಸಾಲುತ್ತಿಲ್ಲ, ಸ್ವಲ್ಪ ಜಾಸ್ತಿ ಬಿಡಿ.' ನಂಬಿ ಬಿಟ್ಟೆ. ಮೀಟರ್ ಓಡಿತು, ದಾರಿ ಒದ್ದೆಯಾಯಿತು, ಗುಲಾಬಿ ಬಾಡಿತು. ನೀರು ಉಳಿಸೋಕೆ ಅಂತ ಮಲ್ಚ್ ಹಾಕಿಸಿದವನಿಗೆ ನೀರು ಜಾಸ್ತಿ ಬಿಡಿ ಅನ್ನುವ ಮಾತು ಹೇಗೆ ಕೇಳಿಸುತ್ತದೆ ಅಂತ ನೀವೇ ಯೋಚಿಸಿ.

ಮರಗಳ ಬುಡದ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಫೋಟೋಗಳಲ್ಲೂ ಇದನ್ನೇ ನೋಡಿದ್ದೇನೆ. ನಿಂಬೆ ಗಿಡಕ್ಕೂ ಎರಡು ನೆರಳಿನ ಮರಗಳಿಗೂ ಕಾಂಡದ ಸುತ್ತ ಗುಡ್ಡ ಕಟ್ಟಿದ್ದಾರೆ. ಮೊಣಕಾಲಿನ ಹತ್ತಿರ ಬರುವಷ್ಟು ಎತ್ತರ, ತುದಿ ಚೂಪು. ನೋಡೋಕೆ ಅಚ್ಚುಕಟ್ಟು ಅನ್ನಿಸಬಹುದು. ಆದರೆ ಕಾಂಡದ ತೊಗಟೆ ಬೇರಿನ ಹಾಗಲ್ಲ, ಸದಾ ಒದ್ದೆಯಲ್ಲಿ ಇರುವುದಕ್ಕೆ ಆಗುವುದಿಲ್ಲ. ಕಾಂಡ ಕೆಳಗೆ ಬರುತ್ತಾ ಅಗಲವಾಗಿ ಬೇರಿಗೆ ತಿರುಗುವ ಜಾಗ ಇದೆಯಲ್ಲ, ಅದು ಕಣ್ಣಿಗೆ ಕಾಣಬೇಕು, ಅದಕ್ಕೆ ಗಾಳಿ ಆಡಬೇಕು. ಮರದ ಸುತ್ತ 4ರಿಂದ 6 ಇಂಚು ಬಿಟ್ಟು, ಅಲ್ಲಿಂದ ಹೊರಗೆ ಅಗಲವಾಗಿ ಹರಡಬೇಕು. ಮಧ್ಯೆ ತಗ್ಗು, ಸುತ್ತ ಮಲ್ಚ್. ನೀವು ಮಾಡಿರುವುದು ಸರಿಯಾಗಿ ಅದರ ತಲೆಕೆಳಗು.

ನಿಂಬೆಯ ಬುಡದ ಗುಡ್ಡ ತೆಗೆದಾಗ ತೊಗಟೆ ಕಪ್ಪಾಗಿ, ಒದ್ದೆಯಾಗಿ ಇತ್ತು. ಉಗುರು ಒತ್ತಿದರೆ ಒಂದು ಕಡೆ ಮೆತ್ತಗೆ ಒಳಗೆ ಹೋಯಿತು. ಏಳು ವಾರಕ್ಕೇ ಹೀಗೆ. ಇನ್ನೂ ಕೆಲವು ವರ್ಷ ಹಾಗೇ ಬಿಟ್ಟಿದ್ದರೆ ಆ ಗುಡ್ಡದೊಳಗೇ ಬೇರು ಒಡೆದು, ಕಾಂಡದ ಸುತ್ತ ತಿರುಗಿ, ದಪ್ಪವಾಗುತ್ತಾ ಉರುಳು ಹಾಕಿದ ಹಾಗೆ ಬಿಗಿಯುತ್ತಿತ್ತು. ಮರ ಸತ್ತಾಗ ಯಾರಿಗೂ ಮಲ್ಚಿನ ನೆನಪು ಬರುವುದಿಲ್ಲ. ಏನೋ ರೋಗ ಬಂತು ಅನ್ನುತ್ತಾರೆ. ನೀವು ಹೊಸ ಸಸಿ ತಂದು ನೆಟ್ಟು, ಅದಕ್ಕೂ ಗುಡ್ಡ ಕಟ್ಟುತ್ತೀರಿ.

ಇನ್ನು ಮಾಲಿನ ಗುಣಮಟ್ಟ. 50ರಲ್ಲಿ ಒಂದಷ್ಟು ಚೀಲ ಕೆಟ್ಟಿತ್ತು. ಆ ರಾತ್ರಿ ಕಿಟಕಿ ತೆಗೆದರೆ ವಿನೆಗರ್ ಮತ್ತು ಕೊಳೆತ ಮೊಟ್ಟೆ ಸೇರಿದಂಥ ವಾಸನೆ. ಹೊಸ ಮಲ್ಚ್ ಹೀಗೇ ಇರುತ್ತದೇನೋ ಅಂದುಕೊಂಡೆ. ಇಲ್ಲವಂತೆ. ಒಳ್ಳೆಯ ಮಲ್ಚಿಗೆ ಆಗ ತಾನೇ ಕುಯ್ದ ಮರದ ವಾಸನೆ ಇರುತ್ತದೆ, ಇಲ್ಲವೇ ಮಣ್ಣಿನ ವಾಸನೆ. ಗಾಳಿ ಆಡದೆ ಒದ್ದೆಯಾಗಿ ಬಹಳ ದಿನ ಬಿಗಿದಿಟ್ಟ ಮಲ್ಚ್ ಮಾತ್ರ ಹುಳಿಯುತ್ತದೆ. ಅದರಲ್ಲಿ ಅಸಿಟಿಕ್ ಆಮ್ಲ, ಅಮೋನಿಯ, ಹೈಡ್ರೋಜನ್ ಸಲ್ಫೈಡ್ ಎಲ್ಲ ಸೇರಿಕೊಂಡಿರುತ್ತವೆ. ಹಾಕಿದ ಎರಡನೇ ದಿನವೇ ಅಂಚಿನ ಪಾತಿಯ ಹೂಗಿಡಗಳ ಕೆಳಗಿನ ಎಲೆಗಳು ಇಸ್ತ್ರಿ ತಾಗಿದ ಹಾಗೆ ಸುಟ್ಟಿದ್ದವು. 14 ಗಿಡ ಪೂರ್ತಿ ಹೋದವು. ಸುರಿಯುವ ಮೊದಲು ಚೀಲ ಬಿಚ್ಚಿ ಮೂಸಿ ನೋಡಿದ್ದರೆ ಸಾಕಿತ್ತು. ಹುಳಿದದ್ದನ್ನು ಒಂದು ಕಡೆ ತೆಳ್ಳಗೆ ಹರಡಿ, ಚೆನ್ನಾಗಿ ನೀರು ಹಾಯಿಸಿ, ಕೆಲವು ದಿನ ಗಾಳಿಗೆ ಬಿಟ್ಟರೆ ಅದೂ ಬಳಕೆಗೆ ಬರುತ್ತಿತ್ತು.

ಅದೇ ಅಂಚಿನ ಪಾತಿಯ ಪಕ್ಕದ್ದರಲ್ಲಿ ನಿಮ್ಮ ಹುಡುಗನೊಬ್ಬ ಹಳೆಯ ಚಕ್ಕೆಯನ್ನು ಗುದ್ದಲಿಯಿಂದ ಮಣ್ಣಿಗೇ ಬೆರೆಸಿದ್ದಾನೆ, ಗೊಬ್ಬರ ಆಗುತ್ತೆ ಅಂತ. ಪಾಪ, ಒಳ್ಳೆಯದಕ್ಕೇ ಮಾಡಿದ್ದು. ಆದರೆ ಮರದ ಚಕ್ಕೆ ಮಣ್ಣಿನ ಮೇಲೆ ಇದ್ದರೆ ತೊಂದರೆ ಇಲ್ಲ. ಒಳಗೆ ಬೆರೆತರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಮೊದಲು ತಾವು ತಿನ್ನುತ್ತವೆ, ಗಿಡಕ್ಕೆ ಸಿಗುವುದು ಉಳಿದರೆ ಮಾತ್ರ. ಅಲ್ಲಿನ ಗಿಡಗಳೆಲ್ಲ ಈಗ ತಿಳಿಹಳದಿ. ಕೆಲಸಕ್ಕೆ ಕಳಿಸುವ ಮುಂಚೆ ಆ ಹುಡುಗನಿಗೆ ಇಷ್ಟು ಹೇಳಿಕೊಡುವುದು ನಿಮ್ಮ ಜವಾಬ್ದಾರಿ ಅಲ್ವಾ?

ಕಪ್ಪು ಬಣ್ಣದ ಬಗ್ಗೆಯೂ ಕೇಳಬೇಕಿದೆ. ಮೊದಲ ಮಳೆಗೇ ಬಣ್ಣ ಇಳಿದು ಕಲ್ಲಿನ ದಾರಿಯೆಲ್ಲ ಮಸಿ. ಮಲ್ಚಿಗೆ ಹಾಕುವ ಬಣ್ಣ ಸಾಮಾನ್ಯವಾಗಿ ಇಂಗಾಲದ ಪುಡಿ ಅಥವಾ ಕಬ್ಬಿಣದ ಆಕ್ಸೈಡ್, ಅದರಿಂದ ಅಂಥ ಅಪಾಯ ಇಲ್ಲ ಅಂತ ನನಗೂ ಗೊತ್ತು. ನನ್ನ ಚಿಂತೆ ಬಣ್ಣದ್ದಲ್ಲ, ಅದರೊಳಗಿನ ಮರದ್ದು. ಚಕ್ಕೆಗಳ ನಡುವೆ ಎರಡು ಮೊಳೆ, ಪ್ಲೈವುಡ್ಡಿನ ಪದರ, ಒಂದು ತುಂಡು ಪ್ಲಾಸ್ಟಿಕ್ ಪಟ್ಟಿ ಸಿಕ್ಕಿದೆ. ಅಂದರೆ ಇದು ಒಡೆದ ಕಟ್ಟಡದ್ದೋ ಸರಕು ಇಡುವ ಹಳೆಯ ಪ್ಯಾಲೆಟ್ಟಿನದೋ ಮರ. ಹಳೆಯ ಮರಕ್ಕೆ ಹುಳ ಹಿಡಿಯದಿರಲಿ ಅಂತ ಕ್ರೋಮಿಯಂ, ತಾಮ್ರ, ಆರ್ಸೆನಿಕ್ ಸೇರಿದ ದ್ರಾವಣ ಕುಡಿಸುತ್ತಿದ್ದರು. ಅಮೆರಿಕದಲ್ಲಿ ಮನೆ ಬಳಕೆಯ ಮರಕ್ಕೆ ಇದನ್ನು 2003ರ ಕೊನೆಗೆ ತಯಾರಕರೇ ಬಹುಪಾಲು ನಿಲ್ಲಿಸಿದರು. ಆದರೆ ಅದಕ್ಕೂ ಮುಂಚಿನ ಮರ ಇವತ್ತಿಗೂ ಒಡೆದ ಕಟ್ಟಡಗಳಿಂದ ಬರುತ್ತಲೇ ಇರುತ್ತದೆ, ಕಪ್ಪು ಬಳಿದ ಮೇಲೆ ಯಾವುದು ಯಾವುದು ಅಂತ ಯಾರಿಗೆ ಗೊತ್ತಾಗುತ್ತದೆ? ನೀವು ಹಾಕಿದ ಒಂದು ಪಾತಿಯಲ್ಲಿ ನಾನು ಸೊಪ್ಪು ಬೆಳೆಯುತ್ತೇನೆ. ಹಾಗಾಗಿ ಈ ಮರ ಎಲ್ಲಿಂದ ಬಂದದ್ದು ಅಂತ ನನಗೆ ಬರಹದಲ್ಲೇ ಉತ್ತರ ಬೇಕು.

ಗೋಡೆಗೆ ತಾಗಿಸಿ ಮಲ್ಚ್ ಏರಿಸಿದ್ದು, ಅದರ ಮರೆಯಲ್ಲಿ ಗೆದ್ದಲಿನ ಮಣ್ಣಿನ ಗೆರೆ ಕಾಣಿಸಿಕೊಂಡದ್ದು ಫೋಟೋದಲ್ಲಿದೆ. ಗೆದ್ದಲನ್ನು ನೀವೇ ತಂದಿರಿ ಅನ್ನುವುದಿಲ್ಲ. ಅರ್ಧ ಅಡಿ ಜಾಗ ಬಿಟ್ಟಿದ್ದರೆ ನನಗೆ ಮೊದಲೇ ಕಣ್ಣಿಗೆ ಬೀಳುತ್ತಿತ್ತು, ಅಷ್ಟೇ. ಜೇಕು ಕಳೆಯ ಗಡ್ಡೆ ಕೀಳದೆ ಅದರ ಮೇಲೇ ಮುಚ್ಚಿದ್ದಾರೆ. ಪ್ಲಾಸ್ಟಿಕ್ ಶೀಟನ್ನೇ ತೂತು ಮಾಡಿ ಬರುವ ಜೇಕು ಚಕ್ಕೆಗೆ ಹೆದರುತ್ತದೆಯೇ?

ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ. ಮಲ್ಚಿನ ಮೇಲೆ ಹಳದಿ ನೊರೆಯಂಥದ್ದು ಒಂದು ಬೆಳಿಗ್ಗೆ ಉಕ್ಕಿ ಬಂದಿತ್ತು. ನೋಡಿದರೆ ಹೊಟ್ಟೆ ತೊಳಸುತ್ತದೆ, ಆದರೆ ಅದು ಯಾರಿಗೂ ಏನೂ ಮಾಡುವುದಿಲ್ಲ, ಎರಡು ದಿನಕ್ಕೆ ಒಣಗಿ ಪುಡಿಯಾಯಿತು. ಅದನ್ನು ಈ ದೂರಿನಲ್ಲಿ ಸೇರಿಸಿಲ್ಲ.

ನನಗೆ ಬೇಕಿರುವುದು ಇಷ್ಟು. ಕೆಲಸ ಗೊತ್ತಿರುವ ಒಬ್ಬರು ಬಂದು ಹೊಸ ಮಲ್ಚನ್ನು ಪೂರ್ತಿ ಎತ್ತಬೇಕು, ಹಳೆಯ ಪದರ ಒಡೆದು ಸಡಿಲ ಮಾಡಬೇಕು, ಪೈಪನ್ನು ಮತ್ತೆ ಮಣ್ಣಿಗೆ ತಾಗಿಸಿ ಇಡಬೇಕು, ಒಮ್ಮೆ ನೀರು ಬಿಟ್ಟು ನೆಲ ನೆನೆದದ್ದು ನೋಡಬೇಕು. ಆಮೇಲೆ ಬಣ್ಣ ಹಾಕದ, ಎಲ್ಲಿಂದ ಬಂತು ಅಂತ ಗೊತ್ತಿರುವ ಚಕ್ಕೆಯನ್ನು ಒಂದು ಇಂಚು ಹರಡಿದರೆ ಸಾಕು. 33 ಚೀಲದ ಹಣ ವಾಪಸ್ ಬರಬೇಕು, ಸತ್ತ 14 ಗಿಡಗಳಿಗೆ ಅದೇ ಜಾತಿಯ, ಅದೇ ಗಾತ್ರದ ಗಿಡ ಬರಬೇಕು. ವರ್ಷಕ್ಕೊಮ್ಮೆ 3 ಇಂಚು ಹಾಕುವ ಒಪ್ಪಂದವನ್ನು ಸಹಿಗೆ ಕಳಿಸಿದ್ದೀರಿ. ಅದನ್ನು ಸಹಿ ಮಾಡದೆ ಇದರ ಜೊತೆ ಹಿಂದಕ್ಕೆ ಕಳಿಸುತ್ತಿದ್ದೇನೆ. ಹಳೆಯದು ಎಷ್ಟು ಕರಗಿದೆ ಅಂತ ನೋಡದೆ ಹೊಸದು ಎಷ್ಟು ಬೇಕು ಅಂತ ಒಂದು ವರ್ಷ ಮೊದಲೇ ಹೇಗೆ ಬರೆಯುತ್ತೀರಿ?

ಈ ಪತ್ರ ತಲುಪಿದ 10 ದಿನದೊಳಗೆ ಬರುವ ದಿನ ತಿಳಿಸಿ. ಉತ್ತರ ಬಾರದಿದ್ದರೆ ಬಿಲ್ಲು, ಫೋಟೋ, ಫೋನ್ ಕರೆಗಳ ವಿವರ ಎಲ್ಲ ಹಿಡಿದು ಗ್ರಾಹಕರ ದೂರು ಕೇಳುವವರ ಬಳಿಗೆ ಹೋಗುತ್ತೇನೆ. ಅದು ಬೇಡ ಅನ್ನೋದೇ ನನ್ನ ಆಸೆ.

ಮೂರು ಮರಗಳ ಬುಡದ ಗುಡ್ಡವನ್ನು ಮಾತ್ರ ನಿಮಗೆ ಕಾಯದೆ ನಾನೇ ತೆಗೆದಿದ್ದೇನೆ. ಉಳಿದದ್ದೆಲ್ಲ ನೀವು ಬಿಟ್ಟು ಹೋದ ಹಾಗೇ ಇದೆ. ಬರುವಾಗ ರೇಕ್ ತನ್ನಿ. ಸ್ಕೇಲ್ ನನ್ನ ಹತ್ತಿರ ಇದೆ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್ಲಿನ ಪ್ರತಿ, 11 ಫೋಟೋ, ಸಹಿ ಮಾಡದ ಒಪ್ಪಂದ, ಒಂದು ಸಣ್ಣ ಪೊಟ್ಟಣದಲ್ಲಿ ಎರಡು ಮೊಳೆ